ರತ್ನಕ್ಕ ಕೂರಿಸಿದ ಕಾಲರು

ಬೇರೆಯವರ ಕೆಲಸಕ್ಕೆ ಎಷ್ಟು ಹೊತ್ತು ಸಾಕು ಅನ್ನುವುದು ನಮಗೆಲ್ಲ ಚೆನ್ನಾಗಿ ಗೊತ್ತಿರುತ್ತದೆ. ನನಗಂತೂ ಈ ಕಾಯಿಲೆಗೆ ಸಂಬಳವನ್ನೂ ಕೊಡುತ್ತಿದ್ದರು. ಹಿರಿಯೂರಿನ ಹೊರಗೆ ಒಂದು ಗಾರ್ಮೆಂಟ್ಸ್‌ನಲ್ಲಿ ನನ್ನ ಮೊದಲ ನೌಕರಿ. ಅಂಗಿ ಹೊಲಿಯುವ ಲೈನಿನಲ್ಲಿ ಯಾರ ಮೆಷಿನ್ನಿಗೂ ಕೆಲಸ ಹೆಚ್ಚಾಗದಂತೆ, ಯಾರೂ ಖಾಲಿ ಕೂರದಂತೆ ಹಂಚಬೇಕು. ಕೊರಳಲ್ಲಿ ಸ್ಟಾಪ್‌ವಾಚ್, ಕೈಯಲ್ಲಿ ಪ್ಯಾಡು, ಮುಖದ ತುಂಬ ಡಿಪ್ಲೊಮಾ.

ಅಂಗಿಗೆ ಕಾಲರ್ ಕೂರಿಸುತ್ತಿದ್ದವಳು ಐಮಂಗಲದ ರತ್ನಕ್ಕ. ಅವಳ ಮುಂದೆ ಬಂಡಲ್ಲುಗಳು ಗುಡ್ಡೆ ಬೀಳುತ್ತಿದ್ದವು. ಮೂರು ದಿನ ಅವಳ ಬೆನ್ನ ಹಿಂದೆ ನಿಂತು ನೋಡಿದೆ. ಒಂದು ಕಾಲರಿಗೆ ಸಾಕೆಂದು ನಾನು ಬರೆದುಕೊಂಡಿದ್ದ ಸಮಯಕ್ಕಿಂತ ದುಪ್ಪಟ್ಟು! ಸಾಲದ್ದಕ್ಕೆ ಆಗಾಗ ಪಕ್ಕದ ಶಬೀನಾಳ ಕಡೆ ತಿರುಗಿ ಏನೋ ಪಿಸುಮಾತು. ಹರಟೆ ಎಂದು ಬರೆದುಕೊಂಡೆ. ನಾಲ್ಕನೆಯ ದಿನ ಅವಳನ್ನು ಗುಂಡಿ ಹಾಕುವ ಮೆಷಿನ್ನಿಗೆ ಕಳಿಸಿ, ಚುರುಕಾದ ಇನ್ನೊಬ್ಬಳನ್ನು ಕೂರಿಸಿದೆ. ರತ್ನಕ್ಕ ಬಾಯಿ ತೆರೆದಳು, ಮುಚ್ಚಿದಳು, ಹೋದಳು.

ಊಟದ ಹೊತ್ತಿಗೆ ಚೆಕಿಂಗ್ ಟೇಬಲ್ಲಿನಿಂದ ಅಂಗಿಗಳು ವಾಪಸ್ ಬರತೊಡಗಿದವು. ಕಾಲರಿನ ಚೂಪಾದ ತುದಿಗಳೆಲ್ಲ ಕಡುಬಿನ ಹಾಗೆ ದುಂಡಗೆ! ಕಾಲರ್ ಹೊಲಿದು, ಒಳಮೈ ಹೊರಗೆ ಮಾಡಿ, ತುದಿ ಚೂಪು ಮಾಡುವುದು ಶಬೀನಾಳ ಕೆಲಸ. ಹೋಗಿ ನೋಡಿದರೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಅಳುತ್ತಿದ್ದಾಳೆ.

ಕ್ಯಾಂಟೀನಿನಲ್ಲಿ ರೊಟ್ಟಿ ಬಿಚ್ಚುತ್ತಿದ್ದ ರತ್ನಕ್ಕನ ಎದುರು ನಿಂತೆ.

"ಕುಂತ್ಕಳ್ರಿ ಸಾರ್," ಅಂದಳು. "ಆಕಿ ಹೆಬ್ಬೆಳ್ಳಿಗೆ ಸೂಜಿ ಹೊಕ್ಕು ಹದಿನೈದು ದಿನ ಆತು. ಕೆಲಸದಿಂದ ತೆಗೀತಾರೆ ಅಂತ ಹೆದರಿ ಯಾರಿಗೂ ಹೇಳಿಲ್ಲ. ತುದಿ ಎಲ್ಲ ನಾನೇ ತಿರುವಿಕೊಡ್ತಿದ್ದೆ."

"ನನಗೆ ಹೇಳಬಾರದಿತ್ತಾ ರತ್ನಕ್ಕ?"

"ಹೆಂಗೆ ಹೇಳ್ಲಿ? ನೀವು ನಮ್ಮ ಮುಖ ಎಲ್ಲಿ ನೋಡ್ತಿದ್ರಿ? ಗಡಿಯಾರ ನೋಡ್ತಿದ್ರಿ."

ನನಗೆ ರೊಟ್ಟಿ ಮುರಿದುಕೊಟ್ಟಳು, ಅದರ ಜೊತೆಗೇ ಉಪಾಯವನ್ನೂ. "ತೋಳಿನ ಕಫ್ ಹೊಲಿಯೋ ಗಂಗಮ್ಮ ಅರ್ಧ ಹೊತ್ತು ಖಾಲಿ ಕುಂತಿರ್ತಾಳೆ. ಬೆಳ್ಳು ವಾಸಿ ಆಗೋಗಂಟ ತುದಿ ತಿರುವೋದು ಆಕಿಗೆ ಕೊಡ್ರಿ. ನನ್ನ ಜಾಗ ನನಗೆ ಕೊಡ್ರಿ."

ಶಬೀನಾಳನ್ನು ಫ್ಯಾಕ್ಟರಿಯ ನರ್ಸಮ್ಮನ ಹತ್ತಿರ ಕಳಿಸಿ, ರತ್ನಕ್ಕ ಹೇಳಿದ ಹಾಗೇ ಮಾಡಿದೆ. ಎರಡೇ ದಿನದಲ್ಲಿ ಗುಡ್ಡೆ ಕರಗಿತು. ಶಬೀನಾಳ ನೌಕರಿಯೂ ಉಳಿಯಿತು.

ಈಗ ಚಿತ್ರದುರ್ಗದಲ್ಲಿ ಡಿಪ್ಲೊಮಾ ಹುಡುಗರಿಗೆ ಇದೇ ಪಾಠ ಹೇಳುತ್ತೇನೆ. ಆ ಮೆಷಿನ್ನುಗಳ ಗುಂಯ್‌ಗುಟ್ಟುವಿಕೆ, ಬಿಸಿ ಇಸ್ತ್ರಿಯ ವಾಸನೆ, ಆ ಒಣರೊಟ್ಟಿ, ಎಲ್ಲ ನೆನಪಾಗುತ್ತದೆ. ಒಂದು ಸಂಗತಿಯನ್ನು ಮಾತ್ರ ಹುಡುಗರಿಗೆ ಹೇಳುವುದಿಲ್ಲ. ಆ ತಿಂಗಳು ಮ್ಯಾನೇಜರು ಲೈನಿನವರನ್ನೆಲ್ಲ ನಿಲ್ಲಿಸಿ, "ಈ ಹುಡುಗನ ತಲೆ ನೋಡ್ರಿ!" ಎಂದು ನನಗೆ ಶಾಲು ಹೊದಿಸಿದರು. ನಿಜ ಹೇಳಲು ಬಾಯಿ ತೆರೆದೆ. ಶಾಲು ಬೆಚ್ಚಗಿತ್ತು, ಮುಚ್ಚಿಕೊಂಡೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ರತ್ನಕ್ಕ.