ಅಂಬಮ್ಮನ ನಡಿಗೆ

ತೊಂಬತ್ತರ ದಶಕದ ಒಂದು ಭಾನುವಾರ, ಖೂಬಾ ಪ್ಲಾಟ್ ಬಡಾವಣೆಯ ನೀಲಕಂಠನ ಮನೆಯಲ್ಲಿ ಚಹಾ ಆರುವ ಮೊದಲೇ ಜಗಳ ಕಾದಿತ್ತು. ಮಗಳು ಭಾಗಮ್ಮ ಮಹಿಳಾ ಫುಟ್ಬಾಲ್ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ರಾಜ್ಯ ತಂಡ ಆರಿಸುವ ಶಿಬಿರಕ್ಕೆ ಹೋಗಬೇಕಿತ್ತು. ಬೆಂಗಳೂರಿನ ಬಸ್ಸು ಅಂದೇ ಸಂಜೆ.

“ಹೆಣ್ಮಕ್ಕಳು ಚೆಂಡು ಒದಿಯೋದಾ? ನಿಮ್ಮವ್ವನ ನೋಡಿ ಕಲಿ. ಕನ್ಯಾ ನೋಡಾಕ ಹೋದಾಗ ‘ನಡದು ತೋರಸವ್ವಾ’ ಅಂದ್ರ, ನೆಲಕ್ಕ ನೋವಾದೀತು ಅನ್ನೋಹಂಗ ನಡದಾಕಿ. ನಮ್ಮವ್ವ ‘ಎಂಥಾ ಮರ್ಯಾದಿ ನಡಗಿ!’ ಅಂದು ಅಲ್ಲೇ ಸಕ್ಕರಿ ಹಂಚಿದ್ಲು,” ಎಂದ ನೀಲಕಂಠ.

ಈ ಕತೆ ಓಣಿಯ ನಾಯಿಗೂ ಬಾಯಿಪಾಠವಾಗಿತ್ತು. ಅಂಬಮ್ಮ ರೊಟ್ಟಿ ಬಡಿಯುತ್ತಲೇ, “ಒಂದ್ಸಲ ಆಡಿ ಬರ್ಲಿ ಬಿಡ್ರಿ,” ಎಂದಳು. ಪಕ್ಕದ ಮನೆಯ ಬಷೀರುನ್ನೀಸಾ ಗೋಡೆಯ ಮೇಲಿಂದ ಕತ್ತು ಚಾಚಿ, “ಜಾನೇ ದೋ ಭಾಯಿಸಾಬ್, ಹುಡುಗಿ ಚಲೋ ಆಡ್ತಾಳ,” ಎಂದು ಒಗ್ಗರಣೆ ಹಾಕಿದಳು.

“ನಿಮ್ಮಪ್ಪನ ಬಾಯಿಲೇ ಬ್ಯಾಡ ಅನಸ್ತೀನಿ, ತಡಿ!” ಎಂದು ಹೆಂಡತಿಗೆ ಗದರಿ ನೀಲಕಂಠ ಅವಳ ತವರು ಕಮಲಾಪುರದ ಬಸ್ಸು ಹತ್ತಿದ.

ಬಸ್ಸಿನಲ್ಲಿ ಅವನ ಆಫೀಸಿನ ಚಾಂದಪಾಶಾ ಸಿಕ್ಕ. ವಿಷಯ ಅವನ ಕಿವಿಗೆ ಬಿದ್ದರೆ ಡಂಗುರ ಬೇಕಿಲ್ಲ. “ಬಿಸಲಾಗ ಆಡಿದ್ರ ಕಪ್ಪಾಗ್ತಾಳ,” ಎಂದಿತು ಮುಂದಿನ ಸೀಟು. “ಕಪ್ ತಂದ್ರ ಯಾರಿಗಿ ಹೆಸರು?” ಎಂದಿತು ಹಿಂದಿನದು. ಕೊನೆಗೆ ಇಡೀ ಬಸ್ಸಿನ ಒತ್ತಾಯಕ್ಕೆ ನೀಲಕಂಠ ಹೆಂಡತಿಯ ನಡಿಗೆಯ ಕತೆಯನ್ನು ಇನ್ನೊಮ್ಮೆ ಹೇಳಬೇಕಾಯಿತು.

ಕಮಲಾಪುರದಲ್ಲಿ ಮಾವ ದೌಲಪ್ಪ ಕಟ್ಟೆಯ ಮೇಲೆ ಕೂತಿದ್ದ. ಬಾಗಿಲು ಬಡಿಯದಂತೆ ಎಂದಿನ ಹಳೆಯ ತೊಗಲಿನ ಉಂಡೆಯೊಂದು ಅಡ್ಡ ಇತ್ತು. ಪ್ರತಿ ದೀಪಾವಳಿಗೂ ನೀಲಕಂಠ ಅದನ್ನು ದಾಟಿಯೇ ಹೋಳಿಗೆ ತಿಂದವನು.

“ಮೊಮ್ಮಗಳಿಗಿ ಬುದ್ಧಿ ಹೇಳ್ರಿ ಮಾವಾರ! ಹಿಂಗ ಒದ್ದರ ಏನ್ ಬರ್ತದ?” ಎಂದು ಅದಕ್ಕೆ ಜಾಡಿಸಿ ಒದ್ದ.

ಬಂದದ್ದು ನೆತ್ತಿಗೇರುವ ನೋವು. “ಯಪ್ಪಾ!” ಎಂದು ಹೆಬ್ಬೆರಳು ಹಿಡಿದು ಕುಳಿತ.

ಅತ್ತೆ ರೇವಮ್ಮ ಓಡಿಬಂದು, ಅಳಿಯನನ್ನು ಬಿಟ್ಟು ಮೊದಲು ಆ ಉಂಡೆಯನ್ನು ಸೆರಗಿನಿಂದ ಒರೆಸಿದಳು. “ನಮ್ಮ ಅಂಬವ್ವನ ಚೆಂಡು ರೀ ಇದು. ನ್ಯಾಷನಲ್ ಆಡಾಕ ಹೋದಾಗ ಟೀಮಿನೋರು ಕೊಟ್ಟಿದ್ದು. ಗಾಳಿ ಹೋಯ್ತು, ಒಗಿಯಾಕ ಮನಸ್ಸು ಬರಲಿಲ್ಲ. ಉಸುಕು ತುಂಬಿ ಇಟ್ಟೀವಿ.”

“ಯಾವ ಅಂಬವ್ವ?”

“ನಿಮ್ಮ ಹೆಣ್ತಿ.”

ದೌಲಪ್ಪನ ಕಣ್ಣು ತುಂಬಿತು. “ಆವಾಗ ಪೇಪರಿನ್ಯಾಗ ಒಂದ್ ಸಾಲೂ ಬರ್ತಿರಲಿಲ್ಲ ಅಳಿಯಾರ. ಹುಡುಗ್ಯಾರು ಸಾಲಿ ಖೋಲ್ಯಾಗ ಮಲಗಿ, ಬ್ಯಾರೇದವರ ಬೂಟ್ ಹಾಕ್ಕೊಂಡು ಆಡ್ತಿದ್ರು. ನಮ್ಮೂರ ಕೆಂಪು ಬಾಳಿಹಣ್ಣು ಕಳಸಿದ್ದೆ, ಇಡೀ ಟೀಮ್ ತಿಂತಂತ. ಸೆಮಿಫೈನಲ್‌ದಾಗ ಅಕಿ ಮೊಣಕಾಲು ಪೆಟ್ಟಾತು. ಬಾವು ಇಳಿಯೂದ್ರಾಗೇ ನೀವು ಕನ್ಯಾ ನೋಡಾಕ ಬಂದ್ರಿ.”

“ಅಂದ್ರ... ಆ ನಡಗಿ?”

“ಮರ್ಯಾದಿ ಅಂದಾಕಿ ನಿಮ್ಮವ್ವ. ನಾವು ಸುಮ್ಮಕಿದ್ವಿ.”

“ಕಾಲು ಮದುವಿಗಿ ಮದಲೇ ವಾಸಿ ಆತು,” ಎಂದಳು ರೇವಮ್ಮ. “ನೀವು ಅಷ್ಟು ಹೊಗಳ್ತೀರಿ ಅಂತ ಹಂಗೇ ನಡಕೋತ ಬಂದಾಳ, ಪಾಪ.”

ನೀಲಕಂಠನಿಗೆ ಈಗ ಬೆರಳಿಗಿಂತ ಹೆಚ್ಚು ನೋಯುತ್ತಿದ್ದುದು ಬೇರೆ ಏನೋ.

ಸಂಜೆ ಅತ್ತೆ ಕೊಟ್ಟ ಕೆಂಪು ಬಾಳೆಹಣ್ಣು ಹೊತ್ತು ಅವನು ಓಣಿ ತಲುಪಿದಾಗ ತಾಯಿ ಮಗಳು ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅಂಬಮ್ಮ ಹಣ್ಣು ನೋಡಿದಳು, ಬಾತ ಬೆರಳು ನೋಡಿದಳು, ಎಲ್ಲ ತಿಳಿದು ನಕ್ಕಳು.

“ಚೆಂಡು ಒದ್ದೀರೇನ್ರಿ? ಹಣ್ಣು ಇತ್ತ ಕೊಡ್ರಿ, ಟೀಮಿಗಿ ಆಗ್ತಾವ. ನಾನೂ ಅಕಿ ಜೋಡಿ ಹೊಂಟೀನಿ. ರೊಟ್ಟಿ ಡಬ್ಬ್ಯಾಗ ಅವ.”

ಮೂಲೆಯಲ್ಲಿ ಆಟೋ ಹಾರ್ನ್ ಹೊಡೆಯಿತು. ಅಂಬಮ್ಮ ಸೀರೆ ಎತ್ತಿ ಕಟ್ಟಿ, ಮಗಳನ್ನೂ ಹಿಂದೆ ಹಾಕಿ ಓಡಿದಳು. ಆಕೆ ಓಡುವುದನ್ನು ನೀಲಕಂಠ ಕಂಡದ್ದು ಅಂದೇ ಮೊದಲು.

ಅವನು ಒಂದೊಂದೇ ಹೆಜ್ಜೆ ಇಡುತ್ತ ಮನೆಯೊಳಗೆ ಹೊರಟ. ಗೋಡೆಯ ಮೇಲೆ ಬಷೀರುನ್ನೀಸಾಳ ತಲೆ ಮೂಡಿತು.

“ಯಾ ಅಲ್ಲಾ! ಭಾಯಿಸಾಬ್, ಎಂಥಾ ಮರ್ಯಾದಿ ನಡಗಿ!”