ಗೋಡೆಗೆ ಒಂದೂ ಮೊಳೆ ಹೊಡೆದಿಲ್ಲ

"ಅಮ್ಮಾ, ಶೀನಣ್ಣ ತಾತ ನಿನ್ನ ಕವರನ್ನ ಇಡ್ಲಿ ಥರ ಬೇಯಿಸ್ತಿದಾರೆ, ಯಾಕೆ?"

ಐದು ವರ್ಷದ ಆರಾಧನಾ ಮಹಡಿಯಿಂದ ಇಳಿದು ಬಂದು ಹೀಗೆ ಕೇಳಿದಾಗ ನಾನು ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ನೆರಿಗೆ ಕೈಬಿಟ್ಟಿತು!

ಶೀನಣ್ಣ ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ಮಾಲೀಕರು. ಮೇಲೆ ಅವರು, ಕೆಳಗೆ ನಾವು. ಆ ಕವರಿನಲ್ಲಿದ್ದದ್ದು ನನ್ನ ಬಿ.ಎಡ್. ಅರ್ಜಿ. ಮದುವೆಯಾಗಿ ಏಳು ವರ್ಷದ ಮೇಲೆ ಮತ್ತೆ ಓದಲು ಹೊರಟವಳ ದಿಗ್ವಿಜಯದ ಕಹಳೆ! ಮಲ್ಲೇಶ್ವರದ ಕಾಲೇಜಿಗೆ ಅದನ್ನು ತಲುಪಿಸಲು ಕೊನೆಯ ದಿನ ಅಂದೇ. "ಶಿಫಾರಸು ಪತ್ರ ಎರಡು, ಹೆಚ್ಚಿಗೆ ಲಗತ್ತಿಸಿದರೆ ಅರ್ಜಿ ತಿರಸ್ಕೃತ" ಎಂದು ಫಾರಂನಲ್ಲೇ ಅಚ್ಚಾಗಿತ್ತು. ನನಗೆ ಪಾಠ ಹೇಳಿದ ಕಾವೇರಮ್ಮ ಮೇಡಂ ಅವರದೊಂದು, ನಾನು ಅರ್ಧ ದಿನ ಕಲಿಸುವ ಶಿಶುವಿಹಾರದ ಹೆಡ್‌ಮಿಸ್ ಅವರದೊಂದು ಇಟ್ಟು ಅಂಟಿಸಿದ್ದೆ. "ಯೋಗ್ಯತೆ ಇದ್ದವಳಿಗೆ ಮೂರನೆಯದು ಯಾಕೆ?" ಎಂದು ಡೈರಿಯಲ್ಲಿ ಬರೆದು ಅಡಿಗೆರೆ ಬೇರೆ ಎಳೆದಿದ್ದೆ! "ಮಲ್ಲೇಶ್ವರಕ್ಕೇ ಹೋಗ್ತಿದೀನಿ, ಕೊಡಮ್ಮ" ಎಂದ ಶೀನಣ್ಣನವರ ಕೈಗೆ ಅದನ್ನು ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನೆನ್ನಲಿ!

ಮೆಟ್ಟಿಲೇರುವಾಗ ನಮ್ಮವರು ಸೆರಗು ಹಿಡಿದರು. "ಮೆತ್ತಗೆ ಮಾತಾಡೇ, ಮೋಟಾರ್ ಸ್ವಿಚ್ ಅವರ ಮನೇಲಿದೆ!"

"ನೀರು ಬರದಿದ್ರೆ ನನ್ನ ಕೋಪದಲ್ಲೇ ಸ್ನಾನ ಮಾಡಿ!"

ಮೇಲೆ ಶೀನಣ್ಣ ಇಡ್ಲಿ ಪಾತ್ರೆಯ ಆವಿಗೆ ಹಿಡಿದು ಕವರಿನ ಅಂಟು ಬಿಡಿಸಿ, ಕಾಗದಗಳನ್ನು ಜೋಡಿಸುತ್ತಿದ್ದರು.

"ಬಾಮ್ಮಾ. ಎರಡೇ ಇಟ್ಟಿದೀಯಲ್ಲ, ಪಾಪ! ಮದುವೆ ಕರೆಯೋಲೇಲೇ ಸುಖಾಗಮನ ಬಯಸೋರು ಅಂತ ಹದಿನೈದು ಹೆಸರು ಹಾಕ್ತಾರೆ, ಸೀಟಿಗೆ ಎರಡು ಸಾಕಾ? ವಾರದಿಂದ ಅಲೆದು ಇನ್ನೂ ಏಳು ಹೊಂದಿಸಿದೀನಿ. ಕೇಳಿಲ್ಲಿ, ಅಕ್ಕಿಪೇಟೆ ಮಂಡಿ ಮಾಯಣ್ಣ ಬರ್ದಿರೋದು: 'ಈ ತಾಯಿ ಮೂಟೆ ಬಿಚ್ಚುವ ಮೊದಲೇ ಅಕ್ಕಿಯಲ್ಲಿ ಕಲ್ಲಿದೆಯೇ ಎಂದು ಹೇಳಬಲ್ಲರು!'"

ನನ್ನ ತಲೆಯೇ ಇಡ್ಲಿ ಪಾತ್ರೆಯಾಯಿತು. "ಯಾರು ಕೇಳಿದ್ರು ನಿಮ್ಮನ್ನ? ಅರ್ಜಿ ಕಸದ ಬುಟ್ಟಿಗೆ ಹೋಗುತ್ತೆ! ನನ್ನ ಒಂದು ವರ್ಷ ಹಾಳಾಗುತ್ತೆ!" ಎಂದು ಪತ್ರಗಳ ಕಟ್ಟನ್ನೇ ಕಿತ್ತುಕೊಂಡೆ.

"ತಾಳಮ್ಮ, ಮೇಲಿನವು..."

"ಮೇಲಿನ ಎರಡು ನನ್ನವು, ಗೊತ್ತು!"

ಎರಡನ್ನು ಕವರಿಗೆ ತುರುಕಿ, ಉಳಿದ ಏಳನ್ನು ಅವರ ಎದುರೇ ಹರಿದು ಚೂರು ಮಾಡಿದೆ. ಎಂಥ ಸುಖ! ಆಟೋ ಹತ್ತಿ ಮಲ್ಲೇಶ್ವರಕ್ಕೆ ನಾನೇ ಹೋದೆ.

ಪ್ರಿನ್ಸಿಪಾಲ್ ವಿಶಾಲಮ್ಮನವರು ಕೌಂಟರಿನಲ್ಲೇ ನಿಂತಿದ್ದರು. ಮೊದಲ ಪತ್ರವನ್ನು ಜೋರಾಗಿ ಓದಿದರು. "'ಈಕೆಯ ಮೇಲೆ ಇದುವರೆಗೆ ಯಾವ ಕೇಸೂ ದಾಖಲಾಗಿಲ್ಲ. ರಾಮಾಂಜಿನಪ್ಪ, ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್.' ಏನಮ್ಮಾ ಇದು?"

ಇದುವರೆಗೆ! ಆ ಕ್ಷಣ ಶೀನಣ್ಣ ಎದುರಿಗಿದ್ದರೆ ದಾಖಲಾಗಿಬಿಡುತ್ತಿತ್ತು. ಅವರು ಗಣ್ಯರನ್ನು ಮೇಲಿಟ್ಟು, ನನ್ನ ಮೇಡಂಗಳನ್ನು ಅಡಿಗೆ ಹಾಕಿದ್ದರು. ಕಾವೇರಮ್ಮ ಮೇಡಂ ಅವರ ಮುತ್ತಿನಂಥ ಅಕ್ಷರವನ್ನು ನನ್ನ ಕೈಯಾರೆ ಹರಿದಿದ್ದೆ! ಕಣ್ಣಲ್ಲಿ ನೀರೇ ಬಂತು.

ವಿಶಾಲಮ್ಮನವರು ಎರಡನೆಯದನ್ನೂ ಬಿಡಿಸಿದರು. ಅದು ಸ್ವತಃ ಶೀನಣ್ಣನವರದು. "'ಆರು ವರ್ಷದಿಂದ ನಮ್ಮ ಬಾಡಿಗೆದಾರರು. ಗೋಡೆಗೆ ಒಂದೂ ಮೊಳೆ ಹೊಡೆದಿಲ್ಲ. ಸಂಜೆ ವರಾಂಡದಲ್ಲಿ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ನಾನೂ ಮೇಲಿನಿಂದ ಕೇಳಿಸಿಕೊಂಡು ಭಿನ್ನರಾಶಿ ಕಲಿತೆ.'"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಓನರ್ ಕೈಲಿ ಹೊಗಳಿಸ್ಕೊಂಡಿರೋ ಬಾಡಿಗೆದಾರರನ್ನ ನಾನು ಇದೇ ಮೊದಲು ನೋಡ್ತಿರೋದು. ಓನರನ್ನೇ ಗೆದ್ದ ನಿಮಗೆ ಎಂಟನೇ ಕ್ಲಾಸ್ ಹುಡುಗರು ಯಾವ ಲೆಕ್ಕ!" ಅರ್ಜಿಯ ಮೇಲೆ ಠಪ್ಪನೆ ಸೀಲು ಬಿತ್ತು. ಮುಂದಿನ ವಾರ ಸೀಟೂ ಸಿಕ್ಕಿತು.

ಪಟ್ಟಿಯಲ್ಲಿ ಹೆಸರು ನೋಡಿ ಬಂದ ಸಂಜೆ ಶೀನಣ್ಣ ಕೆಳಗಿಳಿದು ಬಂದರು. ಬೈಯಲು ಕೋಪವಿಲ್ಲ, ಕ್ಷಮೆ ಕೇಳಲು ಬಾಯಿಲ್ಲ, ಕಾಫಿ ಕೊಟ್ಟೆ. ಅವರು ಲೋಟ ನೋಡುತ್ತಲೇ ಹೇಳಿದರು:

"ಒಂದು ಉಪಕಾರ ಆಗ್ಬೇಕಲ್ಲಮ್ಮ. ಹಿಂದಿನ ಪೋರ್ಷನ್ ಎಂಟು ತಿಂಗಳಿಂದ ಖಾಲಿ. ಬಂದೋರೆಲ್ಲ ಓನರ್ ಹೆಂಗೆ ಅಂತ ಬೀದೀಲಿ ವಿಚಾರಿಸ್ಕೊಂಡು ಹಂಗೇ ಹೊರಟೋಗ್ತಾರೆ. ನಾನು ಒಳ್ಳೇವನು ಅಂತ ಒಂದು ಕಾಗದ ಬರ್ದ್ಕೊಡ್ತೀಯಾ? ನಿಂದೊಂದೇ ಸಾಕು. ಬೇರೆ ಯಾರೂ ಬರ್ಕೊಡಲಿಲ್ಲ."