ತಾಯಂದಿರಿಗೆ ಮಾತ್ರ

ಕೈಗೆ ಪೆನ್ನು ಕೊಟ್ಟು ಕಾನೂನು ಬರೆ ಅಂದರೆ ಯಾರೇ ಆಗಲಿ ಮೊದಲು ತನ್ನ ಬೆನ್ನು ಕಾಯ್ದುಕೊಳ್ಳುತ್ತಾನೆ. ನಾನೂ ಅದನ್ನೇ ಮಾಡಿದೆ. ನಮ್ಮ ಆಫೀಸಿನ ನಿಯಮಗಳ ಕರಡು ತಯಾರಿಸುವ ಭಾಗ್ಯ ನನಗೆ ಒದಗಿದಾಗ, ‘ಮಕ್ಕಳನ್ನು ನೋಡಿಕೊಳ್ಳುವ ರಜೆ ತಾಯಂದಿರಿಗೆ ಮಾತ್ರ’ ಎಂದು ಬರೆದು, ‘ಶಿಶುಪಾಲನೆಯು ಸ್ತ್ರೀಸಹಜ ಕಲೆ, ಪುರುಷನು ಇದಕ್ಕೆ ಸ್ವಭಾವತಃ ಅಸಮರ್ಥನು’ ಎಂದು ಒಗ್ಗರಣೆಯನ್ನೂ ಹಾಕಿದೆ. (ಸಂಸ್ಕೃತಿ ಹೇಳಿದ್ದನ್ನೇ ಕಾನೂನೂ ಹೇಳಬೇಕು. ಇಲ್ಲದಿದ್ದರೆ ಗಂಡಸರ ಗತಿಯೇನು?) ಸಹೋದ್ಯೋಗಿ ಗಂಡಸರೆಲ್ಲ ಕೈಕುಲುಕಿದರು. ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ವರ್ಷ ತುಂಬುವುದರೊಳಗೆ ನಮ್ಮತ್ತೆ ಮೆಟ್ಟಿಲಿನಿಂದ ಜಾರಿ ಕೈ ಮುರಿದುಕೊಂಡರು. ನಮ್ಮ ಮೂರು ವರ್ಷದ ಮಗಳು ಗುಬ್ಬಿಯನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. ಬಂದರಿನಲ್ಲಿ ಕ್ರೇನ್ ಓಡಿಸುವ ನನ್ನ ಹೆಂಡತಿಗೆ ಅದೇ ವಾರ ಸೂಪರ್‌ವೈಸರ್ ತರಬೇತಿ. ತಪ್ಪಿಸಿಕೊಂಡರೆ ಬಡ್ತಿ ಗೋವಿಂದ.

“ರೀ, ಈ ವಾರ ನೀವು ರಜೆ ಹಾಕಿ.”

“ಹಾಕ್ತಿದ್ದೆ ಕಣೇ! ಏನ್ ಮಾಡ್ಲಿ, ರೂಲ್ಸ್ ಒಪ್ಪಲ್ಲ.”

“ಯಾವ ಪುಣ್ಯಾತ್ಮ ಬರೆದಿದ್ದು ಆ ರೂಲ್ಸು?”

ನಾನು ನೀರು ಕುಡಿಯಲು ಎದ್ದೆ.

“ಕೂತ್ಕೊಳ್ಳಿ! ನೀವೇ ತಾನೆ?” ಅವಳ ದನಿ ಇಳಿಯಿತು. “ನನಗಿಂತ ಆಮೇಲೆ ಬಂದ ಗಂಡಸರೆಲ್ಲ ಸೂಪರ್‌ವೈಸರ್ ಆದ್ರು. ಹೆಂಗಸು, ಮಗು ಇದೆ, ಬರಲ್ಲ ಅಂತ ನನ್ನನ್ನ ಕೇಳ್ತಾನೇ ಇರ್ಲಿಲ್ಲ. ಈಗ ಕೇಳಿದಾರೆ ಕಣ್ರೀ.”

ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ಕಂಡು, ನಾಳೆಯೇ ಆಫೀಸಿನಲ್ಲಿ ಕೇಳುತ್ತೇನೆ ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಗುಬ್ಬಿಯನ್ನು ಸಾಕ್ಷಿಗೆಂದು ಎತ್ತಿಕೊಂಡು ಹೋಗಿ ನಮ್ಮ ಮ್ಯಾನೇಜರಮ್ಮನ ಮುಂದೆ ನಿಂತೆ.

“ಮೇಡಂ, ಆ ನಿಯಮ ಶುದ್ಧ ತಪ್ಪು. ಗಂಡಸೂ ಮಕ್ಕಳನ್ನ ನೋಡ್ಕೋಬಲ್ಲ. ನೋಡಿ, ಇವಳನ್ನ ನಾನೇ ರೆಡಿ ಮಾಡಿದ್ದು!”

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಬೆನ್ನಿನ ಮೇಲಿರಬೇಕಾದ ಫ್ರಾಕಿನ ಗುಂಡಿಗಳು ಹೊಟ್ಟೆಯ ಮೇಲಿದ್ದವು. ಎಡಗಾಲಿನ ಶೂ ಬಲಗಾಲಲ್ಲಿತ್ತು. ಜುಟ್ಟಿಗೆ ಫೈಲಿನ ಕ್ಲಿಪ್ಪು ಸಿಕ್ಕಿಸಿತ್ತು.

“ನೀವು ಬರೆದಿದ್ದು ಅಕ್ಷರಶಃ ಸತ್ಯ ಅಂತ ಈಗ ಗೊತ್ತಾಯ್ತು. ರಜೆ ಇಲ್ಲ. ಕೆಳಗೆ ಶಿಶುವಿಹಾರದಲ್ಲಿ ಆಯಾ ಬಂದಿಲ್ಲ. ಈ ವಾರ ನಿಮಗೆ ಅಲ್ಲೇ ಡ್ಯೂಟಿ, ಮಗಳನ್ನೂ ಕರ್ಕೊಂಡು ಹೋಗಿ. ಅಸಾಮರ್ಥ್ಯ ವಾಸಿಯಾದ್ಮೇಲೆ ಮೇಲೆ ಬನ್ನಿ.” (ಆ ಶಿಶುವಿಹಾರಕ್ಕೂ ಮಹಿಳಾ ಸಿಬ್ಬಂದಿಯ ಮಕ್ಕಳಿಗಷ್ಟೇ ಪ್ರವೇಶವಿತ್ತು. ಅದೂ ನನ್ನದೇ ಕರಡು.)

ಮೂಗು ಒರೆಸಿದೆ, ಚಡ್ಡಿ ಬದಲಿಸಿದೆ, ಕಚ್ಚಿಸಿಕೊಂಡೆ. ಮೂಗು ಒರೆಸುವವರು ಆಂಟಿಯೇ ಆಗಿರಬೇಕೆಂಬುದು ಆ ಮಕ್ಕಳ ಸಂವಿಧಾನ. ಒಂದು ಪೋರಿ ನನ್ನ ಮುಖವನ್ನೇ ದಿಟ್ಟಿಸಿ, ಕಾನೂನಿಗೂ ಭಂಗ ಬಾರದಂತೆ, ನನಗೂ ಅನ್ಯಾಯವಾಗದಂತೆ ತೀರ್ಪು ಕೊಟ್ಟಳು: “ಮೀಸೆ ಆಂಟಿ!”

ಹೆಂಡತಿಗೆ ಬಡ್ತಿ ಸಿಕ್ಕಿತು. ಬಂದರಿನಲ್ಲಿ ಪಾರ್ಟಿ. ಗಜಗಾತ್ರದ ಕ್ರೇನ್ ಚಾಲಕರೆಲ್ಲ ಸುತ್ತ ನಿಂತಿದ್ದರು.

“ಇವರು ನಮ್ಮ ಯಜಮಾನ್ರು,” ಎಂದಳು ಹೆಂಡತಿ.

ನಾನು ಎದೆಯುಬ್ಬಿಸಿ, ಮೀಸೆ ತಿರುವಿ, ಕೈಕುಲುಕಲು ಕೈ ಚಾಚಿದೆ. ಗುಬ್ಬಿ ನನ್ನ ಪ್ಯಾಂಟು ಜಗ್ಗಿದಳು.

“ಮೀಸೆ ಆಂಟೀ, ಉಚ್ಚೆ!”

ಚಾಚಿದ ಕೈಯಲ್ಲೇ ಅವಳನ್ನು ಎತ್ತಿಕೊಂಡು ಓಡಿದೆ.